ಹಲಸಿನ ಮೇಜಿನ ಹೊಟ್ಟೆಯಲ್ಲಿ ಕಂಪ್ಯೂಟರ್: ಕೊಡಗಿನ ಮಳೆಗಾಲಕ್ಕೆ ಕಟ್ಟಿದ ಬಗೆ

ಮರದ ಮೇಜಿನೊಳಗೆ ಕಂಪ್ಯೂಟರ್ ಕೂರಿಸುತ್ತೇವೆ ಅಂದ ಕೂಡಲೇ ಎದುರಿಗಿದ್ದವರು ಬಿಸಿಯ ಮಾತು ತೆಗೆಯುತ್ತಾರೆ. ಮರ ಶಾಖ ಬಿಟ್ಟುಕೊಡುವುದಿಲ್ಲ, ತೂತು ಜಾಸ್ತಿ ಕೊರೆಯಿರಿ, ಫ್ಯಾನ್ ಇನ್ನೆರಡು ಹಾಕಿ ಅನ್ನುತ್ತಾರೆ. ರಾಯಚೂರಿನಲ್ಲಿ ಕಟ್ಟುವುದಾದರೆ ಈ ಮಾತು ಸರಿ. ಮಡಿಕೇರಿ ಸುತ್ತಿನಲ್ಲಿ ಲೆಕ್ಕ ತಿರುಗುಮುರುಗು. ಇಲ್ಲಿ ಕಂಪ್ಯೂಟರ್ ಓಡುವಾಗ ಕೆಡುವುದು ಕಡಿಮೆ, ಆರಿಸಿಟ್ಟಾಗ ಕೆಡುವುದೇ ಹೆಚ್ಚು. ಜೂನ್‌ನಲ್ಲಿ ಶುರುವಾದ ಮಳೆ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ನಡುವಿನ ಕೊಡಗಿನ ತಿಂಗಳಲ್ಲಿ, ಹಗಲುರಾತ್ರಿ ಸುರಿಯುವಾಗ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಪುಸ್ತಕದ ಬೆನ್ನಿಗೂ ಬೂಷ್ಟು. ಅದೇ ತೇವ ರ‍್ಯಾಮ್‌ನ ಚಿನ್ನದ ಹಲ್ಲುಗಳ ಮೇಲೂ ಯುಎಸ್‌ಬಿ ಪೋರ್ಟಿನ ತುಟಿಯ ಮೇಲೂ ಕೂರುತ್ತದೆ. ತೂತು ಹೆಚ್ಚು ಕೊರೆದಷ್ಟೂ ಅದಕ್ಕೆ ದಾರಿ ಹೆಚ್ಚು. ಹಾಗಾಗಿ ಈ ಮೇಜನ್ನು ಓಡುವಾಗ ಗಾಳಿ ಬಿಡುವಂತೆಯೂ ಆರಿಸಿದಾಗ ಒಲೆ ಮೇಲಿನ ಅಟ್ಟದ ಹಾಗೆ ಬೆಚ್ಚಗಿರುವಂತೆಯೂ ಕಟ್ಟಿದೆವು. ಮುಂದೆ ಬರುವ ಅಳತೆಗಳೆಲ್ಲ ಹುಟ್ಟಿದ್ದು ಈ ಎರಡು ಬೇಡಿಕೆಗಳ ಜಗಳದಿಂದ.

ಆರಿಸಿಕೊಂಡದ್ದು ಹಳೆಯ ಹಲಸಿನ ಬರೆಯುವ ಮೇಜು. ಮೇಲ್ಹಲಗೆ 1200 × 600 ಮಿ.ಮೀ., ಎತ್ತರ 760. ಎಡಗಡೆ ಮೂರು ಡ್ರಾಯರಿನ ಗೂಡು, ಬಲಗಡೆ ಬರೀ ಎರಡು ಕಾಲು. ಗೂಡಿನ ಒಳ ಅಗಲ 340, ಆಳ 500, ಎತ್ತರ 560. ಹೊಸ ಮರ ಬೇಡವೆಂದು ತೀರ್ಮಾನಿಸಲು ಕಾರಣ ಹಣವಲ್ಲ. ಮಿಲ್ಲಿನಿಂದ ಈಗಷ್ಟೇ ಸೀಳಿಸಿ ತಂದ ಹಲಗೆ ಒಂದೆರಡು ವರ್ಷ ಸುಮ್ಮನೆ ಕೂರಬೇಕು, ಅಷ್ಟು ಕಾಯದೆ ಕಟ್ಟಿದರೆ ಮದರ್‌ಬೋರ್ಡ್ ಕೂರಿಸಿದ ಮೇಲೆ ಅದು ಸೊಟ್ಟಗಾಗಲು ಶುರುಮಾಡುತ್ತದೆ. ಮೂವತ್ತು ಮಳೆಗಾಲ ಕಂಡ ಮೇಜು ಸೊಟ್ಟಗಾಗುವಷ್ಟನ್ನು ಆಗಿ ಮುಗಿಸಿರುತ್ತದೆ. ಬೀಟೆಯ ಆಸೆ ಬೇಡ. ಹೊಸ ಬೀಟೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಳೆಯ ಬೀಟೆ ಮೇಜು ಮನೆಯಲ್ಲೇ ಇದ್ದರೂ ಅದಕ್ಕೆ ತೂತು ಕೊರೆಯಲು ಕೈ ಬರಬಾರದು. ಬ್ಲೇಡಿಗಂತೂ ಅದು ಶತ್ರು.

ಮೇಜು ಆರಿಸುವಾಗ ಉಳಿ ಹಿಡಿದು ಅಡಿಭಾಗ ನೋಡಿ, ಮೇಲಿನ ಪಾಲಿಶ್ ನೋಡಬೇಡಿ. ಹಲಸಿನ ಹಳದಿ ಕಂದು ಚೇಗಿಗೆ (ಒಳಗಿನ ಗಟ್ಟಿ ಭಾಗಕ್ಕೆ) ಹುಳ ಸುಲಭಕ್ಕೆ ಬೀಳುವುದಿಲ್ಲ, ಅಂಚಿನ ಬಿಳಿಭಾಗಕ್ಕೆ ಬೀಳುತ್ತದೆ. ಡ್ರಾಯರಿನ ಹಿಂಬದಿ, ಕಾಲಿನ ಒಳಮೈಗೆ ಸಾಮಾನ್ಯವಾಗಿ ಬಿಳಿಭಾಗವನ್ನೇ ಹಾಕಿರುತ್ತಾರೆ. ಸೂಜಿಗಾತ್ರದ ತೂತು, ಕೆಳಗೆ ಗೋಧಿಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳ ಇನ್ನೂ ಒಳಗಿದೆ. 100 ಭಾಗ ಬಿಸಿನೀರಿಗೆ 2 ಭಾಗ ಬೋರಿಕ್ ಆಸಿಡ್, 3 ಭಾಗ ಬೋರಾಕ್ಸ್ ಕರಗಿಸಿ, ಪಾಲಿಶ್ ಕೆರೆದ ಮೈಗೆ ಎರಡು ಸಲ ಹಚ್ಚಿ, ಎರಡು ವಾರ ಒಣಗಲು ಬಿಡಬೇಕು. ಈ ಕೆಲಸ ಫೆಬ್ರವರಿ ಅಥವಾ ಮಾರ್ಚಿನಲ್ಲಿ ಆಗಬೇಕು, ಜುಲೈಯಲ್ಲಿ ಹಚ್ಚಿದ್ದು ಒಣಗುವುದಿಲ್ಲ. ಹಳಬರು ಹಚ್ಚುವ ಗೇರೆಣ್ಣೆ ಗೆದ್ದಲಿಗೆ ಒಳ್ಳೆಯದೇ, ಆದರೆ ಕಾಲಿನ ತುದಿಗಷ್ಟೇ ಸಾಕು. ಗೂಡಿನ ಒಳಗೆ ಹಚ್ಚಿದರೆ ಬೆಚ್ಚಗಾದಾಗೆಲ್ಲ ಅಂಟುತ್ತದೆ, ಫ್ಯಾನಿನ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ.

ಮೇಲಿನ ಡ್ರಾಯರ್ ಹಾಗೇ ಉಳಿಸಿಕೊಂಡೆವು. ಕೆಳಗಿನ ಎರಡನ್ನು ತೆಗೆದು, ಅವುಗಳ ನಡುವಿನ ಅಡ್ಡಪಟ್ಟಿ ಕೊಯ್ದಾಗ 400 ಮಿ.ಮೀ. ಎತ್ತರದ ಜಾಗ ಸಿಕ್ಕಿತು. ಆ ಅಡ್ಡಪಟ್ಟಿ ಅಲಂಕಾರಕ್ಕೆ ಇದ್ದದ್ದಲ್ಲ, ಗೂಡು ಪಕ್ಕಕ್ಕೆ ವಾಲದಂತೆ ಹಿಡಿದಿತ್ತು. ಅದನ್ನು ತೆಗೆದ ಸಂಜೆಯೇ ಮೇಜು ನೂಕಿದರೆ ತೂಗಾಡಿತು. ಹಿಂಭಾಗದ ಒಳಮೂಲೆಯಲ್ಲಿ ಮೇಲೆ ಒಂದು, ಕೆಳಗೆ ಒಂದು 40 × 20 ಮಿ.ಮೀ. ಪಟ್ಟಿ ಕೂಡಿಸಿದ ಮೇಲೆ ನಿಂತಿತು. ಡ್ರಾಯರುಗಳ ಮುಖಗಳೆರಡನ್ನು ಹಿಂದಿನಿಂದ 12 ಮಿ.ಮೀ. ಪ್ಲೈವುಡ್‌ಗೆ ಕೂಡಿಸಿ ಒಂದೇ ಬಾಗಿಲು ಮಾಡಿದೆವು. ಹಿಡಿಗಳು ಅಲ್ಲೇ ಇವೆ, ಎದುರಿನಿಂದ ನೋಡಿದವರಿಗೆ ಅದು ಈಗಲೂ ಮೂರು ಡ್ರಾಯರಿನ ಮೇಜು. ಪ್ಲೈವುಡ್ ಎಲ್ಲ ಕಡೆ ಐಎಸ್ 710 ಗುರುತಿನದ್ದೇ, ಅಂದರೆ ನೀರು ತಡೆಯುವ ಮರೈನ್ ದರ್ಜೆಯದ್ದೇ ಆಗಬೇಕು. ಎಂಆರ್ ಅಂತ ಮುದ್ರೆ ಇರುವ ಅಗ್ಗದ ಹಾಳೆ ಇಲ್ಲಿನ ಎರಡನೇ ಮಳೆಗೆ ಪದರ ಬಿಡುತ್ತದೆ.

ಮರ ಅಲುಗುವ ಲೆಕ್ಕ ಹಾಕದೆ ಮುಂದೆ ಹೋಗುವಂತಿಲ್ಲ. ಗಾಳಿಯ ತೇವ ಶೇ 65 ಇದ್ದಾಗ ಮರದೊಳಗಿನ ನೀರು ಶೇ 12ರ ಹತ್ತಿರ ನಿಲ್ಲುತ್ತದೆ, ಗಾಳಿ ಶೇ 90 ತಲುಪಿದರೆ ಮರ ಶೇ 20ಕ್ಕೆ ಏರುತ್ತದೆ. ಏರಿದಾಗ ಮರ ತನ್ನ ನಾರಿನ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ, ಎಳೆಗೆ ಅಡ್ಡಲಾಗಿ ಬೆಳೆಯುತ್ತದೆ. ಕಡಿಮೆ ಅಲುಗುವ ಮರ ಅಂತ ಹೆಸರಾದ ತೇಗದ ಲೆಕ್ಕವನ್ನೇ ಹಿಡಿದರೂ, ಚಪ್ಪಟೆಯಾಗಿ ಸೀಳಿದ 500 ಮಿ.ಮೀ. ಅಗಲದ ಹಲಗೆ ಶೇ 7ರಷ್ಟು ನೀರು ಕುಡಿದರೆ 6 ಮಿ.ಮೀ. ಅಗಲವಾಗುತ್ತದೆ. ಈ ಮೇಜಿನ ಗೂಡಿನ ಪಕ್ಕದ ಹಲಗೆಗಳ ಎಳೆ ಕೆಳಗಿನಿಂದ ಮೇಲಕ್ಕೆ ಹೋಗಿದೆ, ಅಂದರೆ ಅಲುಗಾಟವೆಲ್ಲ ಆಳದಲ್ಲಿ. ಹಿಂಭಾಗ ಮಳೆಗಾಲದಲ್ಲಿ ದೂರ ಸರಿಯುತ್ತದೆ, ಬೇಸಗೆಯಲ್ಲಿ ಹತ್ತಿರ ಬರುತ್ತದೆ. ಎಡಬಲದ ಅಗಲವನ್ನು ಹಿಡಿದಿರುವುದು ಅಡ್ಡಪಟ್ಟಿಗಳ ಉದ್ದ, ಆದ್ದರಿಂದ 340 ಅಂದರೆ ವರ್ಷವಿಡೀ 340. ನಿಮ್ಮ ಮೇಜಿನಲ್ಲಿ ಎಳೆ ಯಾವ ಕಡೆಗಿದೆ ಅನ್ನುವುದನ್ನು ಮೊದಲು ಪೆನ್ಸಿಲಿನಲ್ಲಿ ಬಾಣ ಹಾಕಿ ಗುರುತು ಮಾಡಿಕೊಳ್ಳಿ. ಯಾವ ಸ್ಕ್ರೂಗೆ ದುಂಡು ತೂತು, ಯಾವುದಕ್ಕೆ ಉದ್ದ ತೂತು ಅನ್ನುವುದನ್ನು ಆ ಬಾಣವೇ ಹೇಳುತ್ತದೆ.

ಮದರ್‌ಬೋರ್ಡನ್ನು ನೇರವಾಗಿ ಮರಕ್ಕೆ ಸ್ಕ್ರೂ ಮಾಡುವ ವಿಡಿಯೊಗಳು ಬೇಕಾದಷ್ಟಿವೆ. ಇಲ್ಲಿ ಹಾಗೆ ಮಾಡಿದರೆ ಒಂದು ಮಳೆಗಾಲ ಬೋರ್ಡನ್ನು ಎಳೆಯುತ್ತದೆ, ಮುಂದಿನ ಬೇಸಗೆ ಒತ್ತುತ್ತದೆ. ಬೋರ್ಡಿಗೆ ಲೋಹದ ಬೆನ್ನೂ ಇರುವುದಿಲ್ಲ. ಆದ್ದರಿಂದ 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಹಾಳೆಯಲ್ಲಿ ಒಂದು ತಟ್ಟೆ ಮಾಡಿದೆವು. ಅಡಿ 440 × 310, ಅದರ ಒಂದು ಅಂಚಿನಿಂದ 370 ಎತ್ತರಕ್ಕೆ ನಿಂತ ಗೋಡೆ, ಹಿಂದೆ 310 × 370ರ ಬೆನ್ನು. ಕಿಟಕಿ ಮಾಡುವ ಅಲ್ಯೂಮಿನಿಯಂ ಅಂಗಡಿಯಲ್ಲಿ ಹಾಳೆ ಕೊಯ್ದು ಮಡಚಿ ಕೊಡುತ್ತಾರೆ. ಅಂಚುಗಳನ್ನು ಅರದಿಂದ ಉಜ್ಜಿಕೊಳ್ಳುವ ಕೆಲಸ ಮಾತ್ರ ನಿಮ್ಮದು. ಉಜ್ಜದೆ ಬಿಟ್ಟರೆ ಮುಂದೆ ವೈರಿನ ಸಿಪ್ಪೆ ಅಲ್ಲೇ ಸುಲಿಯುತ್ತದೆ.

ಬೆನ್ನಿನ ತಟ್ಟೆಯಲ್ಲಿ ಮೂರು ಕಿಂಡಿ. ಎಸ್‌ಎಂಪಿಎಸ್‌ಗೆ (ಕಂಪ್ಯೂಟರಿಗೆ ಕರೆಂಟು ಹಂಚುವ ಪೆಟ್ಟಿಗೆ) ಕೆಳಗೆ 150 × 86. ಪೋರ್ಟುಗಳ ತಗಡಿಗೆ 158.75 × 44.45, ಇದರಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ತಗಡು ಕಚ್ಚಿ ಕೂರುವುದಿಲ್ಲ, ಹಾಗಾಗಿ ಚಿಕ್ಕದಾಗಿ ಕೊಯ್ದು ಅರದಲ್ಲಿ ದೊಡ್ಡದು ಮಾಡಿ. ಮೇಲ್ಮೂಲೆಯಲ್ಲಿ 120 ಮಿ.ಮೀ. ಫ್ಯಾನ್, ಅದಕ್ಕೆ 114 ಮಿ.ಮೀ.ನ ವೃತ್ತ, ನಾಲ್ಕು ಸ್ಕ್ರೂ ತೂತುಗಳ ನಡುವಿನ ದೂರ 105. ಮೇಜಿನ ಹಿಂದಿನ ಹಲಗೆಯಲ್ಲಿ 290 × 350ರ ಒಂದೇ ದೊಡ್ಡ ಕಿಂಡಿ ಕೊಯ್ದು, ತಟ್ಟೆಯ ಬೆನ್ನು ಒಳಗಿನಿಂದ ಬಂದು ಅದಕ್ಕೆ ಒರಗುವಂತೆ ಮಾಡಿದೆವು. ನಡುವೆ 10 ಮಿ.ಮೀ. ದಪ್ಪದ ರಬ್ಬರ್ ಫೋಮ್ ಪಟ್ಟಿ ಇದೆ. ಆಳದಲ್ಲಿ ಆಗುವ ಆ 6 ಮಿ.ಮೀ. ಹೆಚ್ಚುಕಡಿಮೆಯನ್ನು ನುಂಗುವುದು ಈ ಫೋಮ್. ಪೋರ್ಟಿನ ತಗಡನ್ನು ಮರದಲ್ಲೇ ಕಿಂಡಿ ಕೊರೆದು ಕೂರಿಸುವ ತಪ್ಪು ಬಹಳ ಜನ ಮಾಡುತ್ತಾರೆ. ತಗಡು ಕೂರಲು ಬೇಕಾದ ಅಂಚು ತೆಳ್ಳಗಿನದು. 18 ಮಿ.ಮೀ. ಹಲಗೆಯಲ್ಲಿ ಕೂರಿಸಿದರೆ ಎಚ್‌ಡಿಎಂಐ ಪಿನ್ನು ಪೋರ್ಟನ್ನು ಮುಟ್ಟುವುದೇ ಇಲ್ಲ.

ಬೋರ್ಡ್ ಮೈಕ್ರೊ ಎಟಿಎಕ್ಸ್ ಅನ್ನುವ ಅಳತೆಯದು, 244 × 244. ಮಿನಿ ಐಟಿಎಕ್ಸ್ 170 × 170 ಆಗಿದ್ದರೆ ಜಾಗ ಉಳಿಯುತ್ತಿತ್ತು ನಿಜ, ಆದರೆ ಆ ಬೋರ್ಡಿಗೆ ಬೆಲೆ ಹೆಚ್ಚು, ಮೇಜಿನಲ್ಲಿ ಜಾಗಕ್ಕೇನೂ ಬರವಿರಲಿಲ್ಲ. ಕೆಳಗೆ ಎಸ್‌ಎಂಪಿಎಸ್ 86, ನಡುವೆ 20, ಮೇಲೆ ಬೋರ್ಡ್ 244 ಸೇರಿದರೆ 350. 400ರ ಗೂಡಿನಲ್ಲಿ ಕೈ ಹೋಗುವಷ್ಟು ಜಾಗ ಉಳಿಯುತ್ತದೆ. ಬೋರ್ಡನ್ನು ನಿಲ್ಲಿಸುವ ಹಿತ್ತಾಳೆ ಕಾಲುಗಳಲ್ಲಿ ಎರಡು ಜಾತಿಯ ಮರೆ (ಸ್ಕ್ರೂ ತಿರುಗುವ ಸುರುಳಿಗೆರೆ) ಬರುತ್ತದೆ, ಎಂ3 ಮತ್ತು 6-32. ಕಣ್ಣಿಗೆ ಎರಡೂ ಒಂದೇ. ಬೆರೆಸಿ ತಿರುಗಿಸಿದರೆ ಎರಡು ಸುತ್ತಿಗೆ ಬಿಗಿಯಾಗುತ್ತದೆ, ಮೂರನೆಯದಕ್ಕೆ ಮರೆ ಸವೆಯುತ್ತದೆ. ಎಲ್ಲವೂ ಎಂ3 ಕೊಂಡು, ಉಳಿದ ಡಬ್ಬಿಯ ಸ್ಕ್ರೂಗಳನ್ನು ಬೇರೆ ಕಡೆ ಇಡುವುದು ಒಳ್ಳೆಯದು.

ಪ್ರೊಸೆಸರ್ 65 ವ್ಯಾಟಿನ ರೈಜನ್ 5 5600ಜಿ, ಅದರೊಳಗೇ ಗ್ರಾಫಿಕ್ಸ್ ಇದೆ. ಬೇರೆ ಕಾರ್ಡ್ ಇಲ್ಲ. ತೋಟದ ಲೆಕ್ಕ, ಮಕ್ಕಳ ಓದು, ಸಿನಿಮಾ, ಒಂದಿಷ್ಟು ಫೋಟೊ ಕೆಲಸಕ್ಕೆ ಇಷ್ಟು ಸಾಕು. 250 ವ್ಯಾಟಿನ ಗ್ರಾಫಿಕ್ಸ್ ಕಾರ್ಡ್ ಬೇಕೇಬೇಕು ಅನ್ನುವವರು ಈ ಗೂಡನ್ನು ಬಿಟ್ಟು ಮೇಲ್ಹಲಗೆಯ ಕೆಳಗೆ ತೆರೆದ ತಟ್ಟೆ ಕಟ್ಟಿಕೊಳ್ಳುವುದು ವಾಸಿ. 8 ಜಿಬಿಯ ಎರಡು ರ‍್ಯಾಮ್, 1 ಟಿಬಿಯ ಎನ್‌ವಿಎಂಇ (ತಿರುಗುವ ಭಾಗವಿಲ್ಲದ ಡಿಸ್ಕ್), 450 ವ್ಯಾಟಿನ ಎಸ್‌ಎಂಪಿಎಸ್. ತಿರುಗುವ ಹಾರ್ಡ್ ಡಿಸ್ಕ್ ಬೇಡ. ಹಲಸಿನ ಮರದಿಂದಲೇ ಮದ್ದಳೆ ಮಾಡುತ್ತಾರೆ ಅನ್ನುವುದು ನೆನಪಿರಲಿ, ಡಿಸ್ಕಿನ ಗುಂಯ್‌ಗುಡುವಿಕೆಯನ್ನು ಗೂಡು ಹತ್ತು ಪಟ್ಟು ಮಾಡಿ ಕೋಣೆಗೆ ಕೇಳಿಸುತ್ತದೆ. ಫ್ಯಾನಿಗೂ ಲೋಹದ ಸ್ಕ್ರೂ ಬದಲು ರಬ್ಬರ್ ಗೂಟ ಹಾಕಿದ್ದು ಇದೇ ಕಾರಣಕ್ಕೆ.

ಅಲ್ಯೂಮಿನಿಯಂ ತಟ್ಟೆ ಕೂತಿರುವುದು 18 ಮಿ.ಮೀ. ಪ್ಲೈವುಡ್ ಹಲಗೆಯ ಮೇಲೆ, ಆ ಹಲಗೆ 450 ಮಿ.ಮೀ.ನ ಒಂದು ಜೊತೆ ಡ್ರಾಯರ್ ಚಾನೆಲ್ (ಗುಂಡುಗಳ ಮೇಲೆ ಜಾರುವ ಲೋಹದ ಹಳಿ) ಮೇಲೆ. ಬಾಗಿಲು ತೆಗೆದು ಎಳೆದರೆ ಇಡೀ ಯಂತ್ರ ಕೈಗೆ ಬರುತ್ತದೆ. ಚಾನೆಲ್ ಒಂದೊಂದೂ 12.7 ಮಿ.ಮೀ. ದಪ್ಪ, 340ರಲ್ಲಿ ಎರಡನ್ನು ಕಳೆದರೆ 314.6. ಹಲಗೆಯನ್ನು 314ಕ್ಕೆ ಕೊಯ್ದೆವು. 315 ಮಾಡಿದರೆ ಎಳೆಯುವಾಗ ಕಿರುಗುಟ್ಟಿ ಸಿಕ್ಕಿಕೊಳ್ಳುತ್ತದೆ, 312 ಮಾಡಿದರೆ ಗುಂಡುಗಳು ಕಳಚಿ ಬೀಳುತ್ತವೆ. ಚಾನೆಲ್ಲನ್ನು ಪಕ್ಕದ ಹಲಗೆಗೆ ಹಿಡಿಯುವಾಗ ಮುಂದಿನ ಸ್ಕ್ರೂ ದುಂಡು ತೂತಿನಲ್ಲಿ, ಹಿಂದಿನವೆರಡು ಉದ್ದ ತೂತಿನ ನಡುವೆ. ಹಿಂದಿನವನ್ನು ಬಿಗಿಮಾಡಿ ಕಾಲು ಸುತ್ತು ಸಡಿಲಿಸಿ. ಕೇಬಲುಗಳಿಗೆ ಹಿಂದೆ 500 ಮಿ.ಮೀ.ನ ಕುಣಿಕೆ ಬಿಡದಿದ್ದರೆ ಎಳೆದಾಗ ಮಾನಿಟರಿನ ವೈರು ಪೋರ್ಟನ್ನೇ ಕಿತ್ತು ತರುತ್ತದೆ.

ಈಗ ಗಾಳಿ. ಪೂರ್ತಿ ಹೊರೆ ಬಿದ್ದಾಗ ಈ ಯಂತ್ರ ಗೋಡೆಯಿಂದ ಎಳೆಯುವುದು 120 ವ್ಯಾಟಿನೊಳಗೆ, ಲೆಕ್ಕಕ್ಕೆ 150 ಇಟ್ಟುಕೊಂಡೆವು. ಒಳಗಿನ ಗಾಳಿ ಹೊರಗಿಗಿಂತ 10 ಡಿಗ್ರಿಗಿಂತ ಹೆಚ್ಚು ಏರಬಾರದು ಅಂದರೆ, ವ್ಯಾಟನ್ನು 1.76ರಿಂದ ಗುಣಿಸಿ 10ರಿಂದ ಭಾಗಿಸಿದರೆ ನಿಮಿಷಕ್ಕೆ 26 ಘನ ಅಡಿ ಗಾಳಿ ಸಾಗಬೇಕು. ಇದು ಸಮುದ್ರಮಟ್ಟದ ಲೆಕ್ಕ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಗಾಳಿ ಅಲ್ಲಿ ಶೇ 12ರಷ್ಟು ತೆಳು, ಅದನ್ನು ಸೇರಿಸಿದರೆ 30. ಒಂದು ಒಳ್ಳೆಯ 120 ಮಿ.ಮೀ. ಫ್ಯಾನ್ 1,000 ಸುತ್ತಿನಲ್ಲಿ ಬಯಲಲ್ಲಿ 40ರಿಂದ 50 ಘನ ಅಡಿ ತಳ್ಳುತ್ತದೆ, ಬಲೆ ಗಿಲೆ ಅಡ್ಡ ಬಂದಾಗ ಅದರ ಅರ್ಧಕ್ಕೆ ಇಳಿಯಬಹುದು. ಎಸ್‌ಎಂಪಿಎಸ್ ತನ್ನ ಪಾಲಿನ ಗಾಳಿಯನ್ನು ತಾನೇ ಹೊರಹಾಕುತ್ತದೆ. ಹೊರಗೆ 20ರಿಂದ 28 ಡಿಗ್ರಿ ಇರುವ ಊರಿನಲ್ಲಿ ಇದು ಸಾಕು, ಎರಡನೇ ಫ್ಯಾನ್ ಬರೀ ಸದ್ದಿಗೆ.

ಒಳಗಾಳಿಯ ತೂತುಗಳನ್ನು ಎಲ್ಲಿ ಕೊರೆಯಬೇಕು ಅನ್ನುವುದರಲ್ಲೇ ತುಂಬಾ ಹೊತ್ತು ಹೋಯಿತು. ಅಡಿಯಿಂದ ಗಾಳಿ ಎಳೆಯುವುದು ವಾಡಿಕೆ. ಆದರೆ ಮಳೆಗಾಲದಲ್ಲಿ ನಮ್ಮ ಸಿಮೆಂಟ್ ನೆಲ ಬೆವರುತ್ತದೆ, ರೆಡ್ ಆಕ್ಸೈಡ್ ನೆಲವಂತೂ ಬಟ್ಟೆ ಹಿಂಡಿದ ಹಾಗಿರುತ್ತದೆ. ಹಿಂದಿನಿಂದ ಎಳೆಯೋಣವೆಂದರೆ ಹೊರಗೋಡೆ ಒದ್ದೆ. ಉಳಿದದ್ದು ಮಂಡಿ ಇಡುವ ಕಡೆಯ ಪಕ್ಕ. ಅಲ್ಲಿ ಗೂಡಿನ ತಳದಿಂದ 100 ಮಿ.ಮೀ. ಬಿಟ್ಟು, 20 ಮಿ.ಮೀ. ಅಂತರದಲ್ಲಿ ಸಾಲಿಗೆ 15ರಂತೆ ಆರು ಸಾಲು, 12 ಮಿ.ಮೀ.ನ 90 ತೂತು. ಒಟ್ಟು ಬಾಯಿ ಸುಮಾರು 100 ಚದರ ಸೆಂ.ಮೀ., ಫ್ಯಾನಿನ ಬಾಯಿಗೆ ಹೆಚ್ಚುಕಡಿಮೆ ಸಮ. ಕೊರೆಯುವಾಗ ಹಿಂದೆ ಒಂದು ರದ್ದಿ ಹಲಗೆ ಬಿಗಿಯಾಗಿ ಒತ್ತಿಡದಿದ್ದರೆ ಬಿಟ್ ಆಚೆ ಬರುವಾಗ ಎಳೆ ಸಿಗಿದುಕೊಂಡು ಬರುತ್ತದೆ. ತೊಂಬತ್ತರಲ್ಲಿ ಒಂದು ಸಿಗಿದರೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಹೊರಹೋಗುವ ಫ್ಯಾನಿನ ಬಾಯಿಗೆ ಹೊರಗಡೆಯಿಂದ ಪಡದೆ ಕಟ್ಟಿದೆವು. ಹಳೆಯ ಎಕ್ಸ್‌ರೇ ಫಿಲ್ಮನ್ನು 130 × 45ರ ಮೂರು ಪಟ್ಟಿ ಮಾಡಿ, ಪ್ರತಿಯೊಂದರ ಮೇಲಂಚಿಗೆ ಮಾತ್ರ ಟೇಪು. ಫ್ಯಾನ್ ತಿರುಗಿದರೆ ಎದ್ದು ನಿಲ್ಲುತ್ತವೆ, ನಿಂತರೆ ಮುಚ್ಚಿಕೊಳ್ಳುತ್ತವೆ. ಒಂದೇ ದೊಡ್ಡ ಪಟ್ಟಿ ಮಾಡಿದಾಗ ಕಡಿಮೆ ವೇಗದಲ್ಲಿ ಅರ್ಧಕ್ಕಷ್ಟೇ ಎದ್ದು ಪಟಪಟ ಬಡಿದುಕೊಳ್ಳುತ್ತಿತ್ತು. ಈ ಪಡದೆಯ ಕೆಲಸ ಧೂಳು ತಡೆಯುವುದಲ್ಲ. ಬಿಸಿ ಗಾಳಿ ಮೇಲೇರಿ ಹೊರಗೆ ಹೋಗಬೇಕಾದರೆ ಕೆಳಗೊಂದು, ಮೇಲೊಂದು ಬಾಯಿ ಬೇಕು. ಮೇಲಿನ ಬಾಯಿ ಮುಚ್ಚಿಕೊಂಡರೆ, ಬೆಚ್ಚನೆಯ ಗಾಳಿ ಬೋಗುಣಿ ಬೋರಲು ಹಾಕಿದ ಹಾಗೆ ಗೂಡಿನ ಮೇಲರ್ಧದಲ್ಲಿ ನಿಲ್ಲುತ್ತದೆ. ಬೋರ್ಡ್ ಇರುವುದೂ ಅಲ್ಲೇ. ಎಸ್‌ಎಂಪಿಎಸ್‌ಅನ್ನು ಕೆಳಗಿಟ್ಟದ್ದು, ಒಳಗಾಳಿಯ ಸಾಲುಗಳನ್ನು ಗಿಡ್ಡವಾಗಿ ಅಗಲಕ್ಕೆ ಹರಡಿದ್ದು ಎರಡೂ ಇದಕ್ಕಾಗಿಯೇ.

ಆರಿಸಿಟ್ಟ ಮೇಲೆ ಆ ಬೆಚ್ಚಗೆ ಎಲ್ಲಿಂದ ಬರಬೇಕು? 20 ಡಿಗ್ರಿಯಲ್ಲಿ ಶೇ 95 ತೇವದ ಗಾಳಿಯನ್ನು ನೀರು ತೆಗೆಯದೆ ಬರೀ 24 ಡಿಗ್ರಿಗೆ ಬಿಸಿ ಮಾಡಿದರೆ ತೇವ ಶೇ 75ರ ಸುತ್ತ ಇಳಿಯುತ್ತದೆ, 25ಕ್ಕೆ ಏರಿಸಿದರೆ ಶೇ 70. ಬೂಷ್ಟು ಹುಮ್ಮಸ್ಸಿನಿಂದ ಬೆಳೆಯುವುದು ಇದಕ್ಕಿಂತ ಮೇಲೆ. ಅಂದರೆ ನಾಲ್ಕೈದು ಡಿಗ್ರಿ ಸಾಕು. ಗೂಡಿನ ಮೈ ಒಟ್ಟು ಒಂದು ಚದರ ಮೀಟರಿನಷ್ಟು, ಮರ ದಪ್ಪ, ಆ ನಾಲ್ಕೈದು ಡಿಗ್ರಿ ಹಿಡಿದಿಡಲು 15 ವ್ಯಾಟ್ ಸುಮಾರಾಗಿ ಸಾಕಾಗುತ್ತದೆ. ಬೀರುವಿನಲ್ಲಿ ರೇಷ್ಮೆ ಸೀರೆಗೆ, ಕ್ಯಾಮೆರಾಕ್ಕೆ ಸಣ್ಣ ಬಲ್ಬ್ ಉರಿಸಿಡುವ ಮನೆಗಳಲ್ಲಿ ಇದೇ ಲೆಕ್ಕ ಬಾಯಿಪಾಠವಾಗಿದೆ.

ಸಿಲಿಕಾ ಜೆಲ್ ಪೊಟ್ಟಣ ಸಾಕಲ್ಲವೇ ಅಂತ ಕೇಳುತ್ತಾರೆ. ಸಾಲದು. ಗೂಡಿನೊಳಗಿನ 68 ಲೀಟರ್ ಗಾಳಿಯಲ್ಲಿರುವ ನೀರು ಒಂದು ಗ್ರಾಮಿನ ಆಸುಪಾಸು, ಅದನ್ನು ಪೊಟ್ಟಣ ಕ್ಷಣದಲ್ಲಿ ಕುಡಿಯುತ್ತದೆ. ಆದರೆ ಸುತ್ತಲಿನ 10 ಕಿಲೊ ಮರ ಶೇ 1ರಷ್ಟು ತೇವ ಬಿಟ್ಟರೂ 100 ಗ್ರಾಂ ನೀರು. ಜೆಲ್ ಕುಡಿಯುವುದು ಹೆಚ್ಚೆಂದರೆ ತನ್ನ ತೂಕದ ಮೂರನೇ ಒಂದು ಪಾಲು. ನೀವು ಒಣಗಿಸುತ್ತಿರುವುದು ಗೂಡನ್ನಲ್ಲ, ಇಡೀ ಮೇಜನ್ನು, ಅದರ ಹಿಂದಿನ ಜೋರು ಮಳೆಯನ್ನು. ಮೇಲಿನ ಡ್ರಾಯರಿನಲ್ಲಿ ಬಿಗಿ ಡಬ್ಬಿಯೊಳಗೆ ಪೆನ್‌ಡ್ರೈವ್, ಹೊರಗಿನ ಡಿಸ್ಕ್ ಇಡಲು ಜೆಲ್ ಸರಿಯಾದ ವಸ್ತು.

ಹೀಟರ್ ಕಟ್ಟಿದ್ದು ಹೀಗೆ. 10 ಓಮ್, 25 ವ್ಯಾಟಿನ ಅಲ್ಯೂಮಿನಿಯಂ ಕವಚದ ರೆಸಿಸ್ಟರ್ ಒಂದು. 12 ವೋಲ್ಟ್ ಕೊಟ್ಟರೆ 1.2 ಆಂಪಿಯರ್ ಹರಿದು 14.4 ವ್ಯಾಟ್ ಬಿಸಿ. 12 ವೋಲ್ಟ್, 2 ಆಂಪಿಯರಿನ ಅಡಾಪ್ಟರ್ ಒಂದು. ರೆಸಿಸ್ಟರನ್ನು ತಟ್ಟೆಯ ಗೋಡೆಯ ಹಿಂಬದಿಗೆ, ಬೋರ್ಡಿನ ಕೆಳಗಂಚಿನ ನೇರಕ್ಕೆ, ಥರ್ಮಲ್ ಪೇಸ್ಟ್ ಹಚ್ಚಿ ಸ್ಕ್ರೂ ಮಾಡಬೇಕು. ಅದರ ಮೈಮೇಲೆ ಬರೆದ 25 ವ್ಯಾಟ್ ಲೋಹಕ್ಕೆ ಅಂಟಿಸಿದಾಗಿನ ಮಾತು, ಗಾಳಿಯಲ್ಲಿ ನೇತುಹಾಕಿದರೆ ಅದರ ಅರ್ಧವೂ ತಡೆಯುವುದಿಲ್ಲ. ಸಾಲಿನಲ್ಲಿ 77 ಡಿಗ್ರಿಯ ಥರ್ಮಲ್ ಫ್ಯೂಸ್ (ಅಷ್ಟು ಬಿಸಿಯಾದರೆ ಕರೆಂಟು ಕಡಿಯುವಂಥದ್ದು) ಒಂದು, ರೆಸಿಸ್ಟರಿಗೆ ತಾಗಿಸಿ. ಈ ಫ್ಯೂಸಿಗೆ ಬೆಸುಗೆ ಹಾಕಬೇಡಿ. ಬೆಸುಗೆಯ ಬಿಸಿಗೇ ಅದು ಹಾರಿಹೋಗುತ್ತದೆ, ಆಮೇಲೆ ಹೀಟರ್ ಯಾಕೆ ಕೆಲಸ ಮಾಡುತ್ತಿಲ್ಲ ಅಂತ ಅರ್ಧ ದಿನ ಹುಡುಕಬೇಕಾಗುತ್ತದೆ. ತಾಮ್ರದ ಕೊಳವೆ ಒತ್ತಿ ಕೂಡಿಸುವುದೇ ಸರಿ.

ಕಂಪ್ಯೂಟರ್ ಓಡುವಾಗ ಹೀಟರ್ ತಾನಾಗಿ ಆರಬೇಕು. ಅದಕ್ಕೆ ಕಾರಿನ ಐದು ಕಾಲಿನ 12 ವೋಲ್ಟ್ ರಿಲೇ (ಕರೆಂಟಿನಿಂದ ತಿರುಗುವ ಸ್ವಿಚ್) ಸಾಕು, ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಯಾವುದೇ ಆಟೊ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. 85 ಮತ್ತು 86ನೇ ಕಾಲಿಗೆ ಎಸ್‌ಎಂಪಿಎಸ್‌ನ ನಾಲ್ಕು ಪಿನ್ನಿನ ಕನೆಕ್ಟರಿನಿಂದ ಹಳದಿ ಮತ್ತು ಕಪ್ಪು ವೈರು. 30ಕ್ಕೆ ಅಡಾಪ್ಟರಿನ ಪ್ಲಸ್. 87ಎ ಕಾಲಿನಿಂದ ಫ್ಯೂಸ್ ಮೂಲಕ ರೆಸಿಸ್ಟರಿಗೆ, ಅಲ್ಲಿಂದ ಅಡಾಪ್ಟರಿನ ಮೈನಸ್‌ಗೆ. ಕಂಪ್ಯೂಟರ್ ಆನ್ ಆದರೆ ರಿಲೇ ಎಳೆದುಕೊಂಡು 87ಎ ಬಿಡುತ್ತದೆ, ಹೀಟರ್ ಆರುತ್ತದೆ. ಆಫ್ ಆದರೆ ತಿರುಗಿ ಹತ್ತುತ್ತದೆ. 87 ಮತ್ತು 87ಎ ಅದಲುಬದಲಾದರೆ ಕೆಲಸ ತಲೆಕೆಳಗು, ಓಡುವಾಗ ಬಿಸಿ, ಆರಿಸಿದಾಗ ತಣ್ಣಗೆ. ದಿನಕ್ಕೆ 20 ಗಂಟೆ ಉರಿದರೂ ತಿಂಗಳಿಗೆ 9 ಯೂನಿಟ್. ಕಂಪ್ಯೂಟರನ್ನೇ ಸದಾ ಆನ್ ಇಟ್ಟರೂ ಗೂಡು ಒಣಗಿರುತ್ತದೆ, ಅದಕ್ಕೆ ಇದರ ಎರಡು ಪಟ್ಟು ಕರೆಂಟು ಹೋಗುತ್ತದೆ. ಸ್ಲೀಪ್‌ನಲ್ಲಿಟ್ಟರೆ ಬರುವ ಒಂದೆರಡು ವ್ಯಾಟ್ ಬಿಸಿ ಏನೂ ಸಾಲದು. ಅಡಾಪ್ಟರನ್ನು ಯುಪಿಎಸ್‌ಗೆ ಚುಚ್ಚಬೇಡಿ, ಕರೆಂಟು ಹೋದಾಗ ಬ್ಯಾಟರಿಯನ್ನು ಸುಮ್ಮನೆ ತಿಂದುಹಾಕುತ್ತದೆ.

ಅರ್ತಿಂಗ್ ವಿಷಯದಲ್ಲಿ ಮರದ ಮೇಜು ಮೋಸ ಮಾಡುತ್ತದೆ. ತಗಡಿನ ಕ್ಯಾಬಿನೆಟ್‌ನಲ್ಲಿ ಎಸ್‌ಎಂಪಿಎಸ್ ಸ್ಕ್ರೂ ಮಾಡಿದ ಕೂಡಲೇ ಎಲ್ಲ ಲೋಹವೂ ಅರ್ತ್ ಆಗುತ್ತದೆ. ಇಲ್ಲಿ ನಾವೇ ಮಾಡಬೇಕು: ಎಸ್‌ಎಂಪಿಎಸ್‌ನ ಮೈಯಿಂದ ತಟ್ಟೆಗೆ 1.5 ಚದರ ಮಿ.ಮೀ. ಹಸಿರು ವೈರು, ಎರಡು ತುದಿಗೂ ಉಂಗುರದ ಲಗ್, ಲಗ್ ಕೂರುವ ಜಾಗದಲ್ಲಿ ಅಲ್ಯೂಮಿನಿಯಂ ಮೈಯನ್ನು ಮರಳು ಕಾಗದದಿಂದ ಉಜ್ಜಿ, ಕೆಳಗೆ ಹಲ್ಲಿನ ವಾಷರ್. ಮುಂಭಾಗದ ಪವರ್ ಬಟನ್ ಲೋಹದ್ದಾದರೆ ಅದಕ್ಕೂ ಒಂದು ವೈರು. ಬಟನ್ 16 ಮಿ.ಮೀ.ನದು, ಮೇಲಿನ ಡ್ರಾಯರಿನ ಕೆಳಗಿನ ಪಟ್ಟಿಯಲ್ಲಿದೆ. ಒತ್ತಿ ಬಿಟ್ಟರೆ ಹಿಂದೆ ಬರುವ ಜಾತಿಯದೇ ಆಗಬೇಕು. ಒತ್ತಿದರೆ ಒಳಗೇ ನಿಲ್ಲುವ ಬಟನ್ ಹಾಕಿದರೆ ಕಂಪ್ಯೂಟರ್ ಎದ್ದು ನಾಲ್ಕು ಸೆಕೆಂಡಿಗೆ ಆರಿಹೋಗುತ್ತದೆ, ಎಷ್ಟೋ ಜನ ಇದನ್ನು ಬೋರ್ಡ್ ಹಾಳಾಗಿದೆ ಅಂತಲೇ ತಿಳಿಯುತ್ತಾರೆ.

ಗೋಡೆಯ ಸಾಕೆಟ್ಟಿನಲ್ಲೂ ಅರ್ತ್ ಇದೆಯೇ ಅಂತ ಮಲ್ಟಿಮೀಟರ್ ಹಿಡಿದು ನೋಡಿ. ಫೇಸ್ ಮತ್ತು ಅರ್ತ್ ನಡುವೆ ಫೇಸ್-ನ್ಯೂಟ್ರಲ್‌ನಷ್ಟೇ ಬರಬೇಕು, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟಿಗಿಂತ ಹೆಚ್ಚು ಬರಬಾರದು. ತೋಟದ ಮನೆಗಳಲ್ಲಿ ಅರ್ತ್ ಗುಂಡಿ ಮಳೆಗಾಲದಲ್ಲಿ ಚೆನ್ನಾಗಿರುತ್ತದೆ, ಮಾರ್ಚಿಗೆ ಒಣಗಿ ಕೈಕೊಡುತ್ತದೆ. ಸಿಡಿಲಿನ ಅಬ್ಬರ ಜೋರಾಗುವುದು ಕಾಫಿ ಹೂವರಳಿಸುವ ಹೂಮಳೆ ಬೀಳುವ ಮಾರ್ಚ್-ಏಪ್ರಿಲಿನಲ್ಲೇ. ಸರ್ಜ್ ಪ್ರೊಟೆಕ್ಟರ್ ಆ ಹೊಡೆತವನ್ನು ಅರ್ತ್‌ಗೆ ತಳ್ಳುತ್ತದೆ, ಅರ್ತ್ ಒಣಗಿದ್ದರೆ ತಳ್ಳಲು ಜಾಗವಿಲ್ಲ. ಗುಂಡಿಗೆ ನಾಲ್ಕು ಕೊಡ ನೀರು ಹುಯ್ಯಿರಿ. ಗುಡುಗು ಕೇಳಿದಾಗ ಪ್ಲಗ್ ಕೀಳುವ ಅಭ್ಯಾಸ ಬಿಡಬೇಡಿ. ಕಾರ್ಮಿಕರ ಲೈನ್ ಮನೆಯಿಂದಲೋ ಕಾಫಿ ಗೋದಾಮಿನಿಂದಲೋ ಎಳೆದ ತಾಮ್ರದ ಲ್ಯಾನ್ ಕೇಬಲ್ ಇದ್ದರೆ ಅದನ್ನೂ ಕೀಳಿ, ಸಿಡಿಲು ಬೋರ್ಡಿಗೆ ಆ ದಾರಿಯಲ್ಲೂ ಬರುತ್ತದೆ.

ಯುಪಿಎಸ್ ಮೇಜಿನೊಳಗೆ ಬೇಡ, ಪಕ್ಕದಲ್ಲಿ ನೆಲದಿಂದ 150 ಮಿ.ಮೀ. ಎತ್ತರದ ಮಣೆಯ ಮೇಲಿರಲಿ. ಲೆಡ್ ಆಸಿಡ್ ಬ್ಯಾಟರಿ ಬಿಸಿಗೆ ಬೇಗ ಮುದಿಯಾಗುತ್ತದೆ, ಕೆಟ್ಟಾಗ ಉಬ್ಬುತ್ತದೆ, ಗೂಡಿನಿಂದ ಹೊರಗೆ ತೆಗೆಯಲೂ ಆಗುವುದಿಲ್ಲ. ಚೌಕ ಅಲೆಯ ಹಳೇ ಇನ್ವರ್ಟರ್ ಮೇಲೆ ಹೊಸ ಎಸ್‌ಎಂಪಿಎಸ್ ಗೊಣಗುತ್ತದೆ, ಕೆಲವು ಆರಿಯೇ ಬಿಡುತ್ತವೆ. ಬಯಾಸ್‌ನಲ್ಲಿ (ಬೋರ್ಡಿನದೇ ಸೆಟ್ಟಿಂಗ್ ಪುಟ) ಕರೆಂಟು ತಿರುಗಿ ಬಂದಾಗ ಏನು ಮಾಡಬೇಕು ಅನ್ನುವ ಆಯ್ಕೆಯನ್ನು ಆಫ್‌ನಲ್ಲಿಡಿ. ಮರ ಬಿದ್ದ ಲೈನಿನಲ್ಲಿ ಕರೆಂಟು ಹತ್ತು ನಿಮಿಷಕ್ಕೆ ಐದು ಸಲ ಬಂದು ಹೋಗುತ್ತದೆ, ಯಂತ್ರವೂ ಐದು ಸಲ ಏಳುವುದು ಬೇಡ.

ವೈಫೈ ಆಂಟೆನಾ ಅಲ್ಯೂಮಿನಿಯಂ ತಟ್ಟೆಯ ಒಳಗೆ ಸಿಕ್ಕಿಕೊಂಡರೆ ಕುರುಡಾಗುತ್ತದೆ. ಬೆನ್ನಿನಿಂದ ಹೊರಗೆ ತಂದು ಮೇಲ್ಹಲಗೆಯ ಕೆಳಗೆ ಅಂಟಿಸಿದರೆ ಸಾಕು, ಮರ ಅದಕ್ಕೆ ಅಡ್ಡಿಯಲ್ಲ.

ಹುಳಹುಪ್ಪಟೆಗೆ ಒಳಗಾಳಿಯ ತೂತಿನ ಹಿಂದೆ ಸ್ಟೀಲ್ ಸೊಳ್ಳೆಬಲೆ, ಬೆನ್ನಿನ ಎಲ್ಲ ಖಾಲಿ ಕಿಂಡಿಗೆ ತಗಡು, ಬಳಸದ ಯುಎಸ್‌ಬಿ ಬಾಯಿಗೆ ರಬ್ಬರ್ ಬಿರಡೆ. ಬೆಚ್ಚಗಿರುವ ಗೂಡು ನಮಗೆ ಮಾತ್ರ ಇಷ್ಟವಾಗುವುದಿಲ್ಲ, ಹಲ್ಲಿ, ಜಿರಲೆ, ಇರುವೆ ಎಲ್ಲಕ್ಕೂ ಅದು ಕಾವಿನ ಮನೆ. ಹಲ್ಲಿ ಎಸ್‌ಎಂಪಿಎಸ್‌ನ ಫ್ಯಾನ್ ಜಾಲರಿಯ ಮೂಲಕ ನುಸುಳಿದರೆ ಅದೂ ಸತ್ತಂತೆ, ಎಸ್‌ಎಂಪಿಎಸ್ ಕೂಡ. ಅಲ್ಲಿಗೂ ಅದೇ ಬಲೆ. ಬಣ್ಣಬಣ್ಣದ ಎಲ್‌ಇಡಿ ಇರುವ ಫ್ಯಾನ್, ರ‍್ಯಾಮ್ ಬೇಡ. ಮೊದಲ ಮಳೆಯ ಸಂಜೆ ಹೊರಡುವ ರೆಕ್ಕೆಗೆದ್ದಲು ಬೆಳಕಿದ್ದಲ್ಲಿಗೆ ಬರುತ್ತವೆ, ಬಲೆಯ ತುಂಬ ರೆಕ್ಕೆ ಕೂತರೆ ಗಾಳಿ ನಿಂತಿತು. ಮೇಜಿನ ಹಿಂದಿನ ಕೇಬಲುಗಳಿಗೆ ಸ್ಟೀಲಿನ ಸುರುಳಿ ಕೊಳವೆ ಹಾಕಿದ್ದು ಇಲಿಗೆ ಹೆದರಿ.

ಪಾಲಿಶ್ ಹೊರಗಷ್ಟೇ ಅಲ್ಲ, ಒಳಮೈಗೂ, ಕೊರೆದ ತೊಂಬತ್ತು ತೂತಿನ ಒಳಗೂ ಆಗಬೇಕು. ಒಂದು ಮೈ ಮುಚ್ಚಿ ಇನ್ನೊಂದು ತೆರೆದಿದ್ದರೆ ತೆರೆದ ಮೈ ನೀರು ಕುಡಿದು ಹಲಗೆ ದೋಣಿಯಂತೆ ಬಾಗುತ್ತದೆ. ಅರಗಿನ ಪಾಲಿಶ್ ನೋಡಲು ಚೆಂದ, ಆದರೆ ತೇವಕ್ಕೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಪಿಯು (ಪಾಲಿಯುರೆಥೇನ್) ಪಾಲಿಶ್ ಎರಡು ಕೈ, ಒಣ ದಿನಗಳಲ್ಲಿ. ವಾಸನೆ ಪೂರ್ತಿ ಹೋಗುವವರೆಗೆ, ಅಂದರೆ ಎಂಟು ಹತ್ತು ದಿನ, ಬೋರ್ಡನ್ನು ಒಳಗಿಡಬಾರದು.

ಬಾಗಿಲಿನ ಸಂದು ಎಷ್ಟು ಬಿಡಬೇಕು ಅನ್ನುವುದು ನೀವು ಯಾವ ತಿಂಗಳಲ್ಲಿ ಕೆಲಸ ಮಾಡುತ್ತಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಮಾರ್ಚಿನಲ್ಲಿ ಕೂರಿಸುವುದಾದರೆ ಎಳೆಗೆ ಅಡ್ಡದ ಕಡೆ 3 ಮಿ.ಮೀ., ಜುಲೈಯಲ್ಲಾದರೆ 1 ಮಿ.ಮೀ. ಮಾರ್ಚಿನಲ್ಲಿ ಚೆಂದಕ್ಕೆಂದು ಕೂದಲೆಳೆಯ ಸಂದು ಬಿಟ್ಟ ಬಾಗಿಲು ಕಕ್ಕಡದಲ್ಲಿ ಕಚ್ಚಿಕೊಳ್ಳುತ್ತದೆ. ಆಗ ಕೀಸುಳಿ ಹಿಡಿದು ಉಜ್ಜಿದರೆ ನವೆಂಬರ್-ಡಿಸೆಂಬರಿನ ಪುತ್ತರಿ ಹಬ್ಬದ ಹೊತ್ತಿಗೆ ಬೆರಳು ತೂರುವಷ್ಟು ಸಂದು.

ಎಲ್ಲ ಜೋಡಿಸಿದ ಮೇಲೆ ತೇವ-ತಾಪ ತೋರಿಸುವ ಸಣ್ಣ ಮೀಟರ್ ಎರಡು ತಂದು, ಒಂದನ್ನು ಗೂಡಿನ ಮೇಲ್ಮೂಲೆಯಲ್ಲಿ, ಇನ್ನೊಂದನ್ನು ಕೋಣೆಯಲ್ಲಿ ಇಡಿ. ಮೊದಲು ಎರಡನ್ನೂ ಒಂದೇ ಕಡೆ ಒಂದು ರಾತ್ರಿ ಇಟ್ಟು ವ್ಯತ್ಯಾಸ ಬರೆದುಕೊಳ್ಳಿ, ಈ ಮೀಟರುಗಳು ತಮ್ಮತಮ್ಮಲ್ಲೇ ಶೇ 5ರಷ್ಟು ಜಗಳವಾಡುತ್ತವೆ. ಕಂಪ್ಯೂಟರ್ ಆರಿಸಿ ಹೀಟರ್ ಮಾತ್ರ ಒಂದು ಇಡೀ ದಿನ ಉರಿಯಲು ಬಿಟ್ಟಾಗ ಒಳಗೆ ನಾಲ್ಕೈದು ಡಿಗ್ರಿ ಹೆಚ್ಚಿರಬೇಕು. ಎರಡೇ ಡಿಗ್ರಿ ಇದ್ದರೆ ಎಲ್ಲೋ ಮೇಲೆ ಸೋರಿಕೆ ಇದೆ. ಈ ಮೇಜಿನಲ್ಲಿ ಅದು ಮೇಲಿನ ಡ್ರಾಯರಿನ ಅಡಿಯ ಸಂದಾಗಿತ್ತು, 6 ಮಿ.ಮೀ. ಪ್ಲೈವುಡ್ ಒಂದನ್ನು ಅಡ್ಡಲಾಗಿ ಕೂರಿಸಿದ ಮೇಲೆ ನಿಂತಿತು. ಆಮೇಲೆ ಹೀಟರ್ ಆರಿಸಿ, ಪ್ರೊಸೆಸರಿಗೆ ಒಂದು ಗಂಟೆ ಪೂರ್ತಿ ಹೊರೆ ಕೊಟ್ಟು, ಗೂಡಿನ ಗಾಳಿ ಕೋಣೆಗಿಂತ 10 ಡಿಗ್ರಿಯೊಳಗೆ ನಿಲ್ಲುತ್ತದೆಯೇ ನೋಡಿ.

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತಟ್ಟೆ ಎಳೆದು ನೋಡುವುದು ಒಳ್ಳೆಯದು. ಹೀಟ್‌ಸಿಂಕಿನ ಧೂಳಿನ ಮೇಲೆ ಬಿಳಿ ಜೊಂಡು ಕಂಡರೆ ಅದು ಬೂಷ್ಟು, ಧೂಳು ನೀರು ಹೀರುವ ವಸ್ತು, ಬ್ರಷ್‌ನಿಂದ ಒಣಗಿದ್ದಾಗಲೇ ತೆಗೆಯಿರಿ. ಯಂತ್ರ ಎದ್ದೇಳದೆ ಪೀಂಯ್‌ಗುಟ್ಟಿದರೆ ಮೊದಲ ಅನುಮಾನ ರ‍್ಯಾಮ್ ಮೇಲೆ: ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಅದರ ಹಲ್ಲುಗಳನ್ನು ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ ತಿರುಗಿ ಕೂರಿಸಿ. ಗಡಿಯಾರ ಹಿಂದೆ ಬಿದ್ದರೆ ಸಿಆರ್2032 ಬಿಲ್ಲೆಯ ಜೊತೆಗೆ ಅದು ಕೂರುವ ತಗಡನ್ನೂ ನೋಡಿ, ಹಸಿರು ಹಿಡಿಯುವುದು ಅಲ್ಲಿಂದಲೇ. ಬೆನ್ನಿನ ಫೋಮ್ ಪಟ್ಟಿ ಎರಡು ಮೂರು ವರ್ಷಕ್ಕೆ ಒತ್ತಿಕೊಂಡು ಚಪ್ಪಟೆಯಾಗುತ್ತದೆ. ಜನವರಿಯಲ್ಲಿ, ಮರ ಕುಗ್ಗಿರುವಾಗ, ಅದು ಬಿಗಿಯಾಗಿದೆ ಅನ್ನಿಸುತ್ತದೆ. ಸಡಿಲವಾದದ್ದು ಗೊತ್ತಾಗುವುದು ಜುಲೈಯಲ್ಲಿ, ಹಿಂದಿನಿಂದ ಟಾರ್ಚ್ ಹಾಯಿಸಿದಾಗ.